ರಸ್ತೆ ದಾಟುವವರ ಹಕ್ಕು: ನಾವು ನಂಬಿದ್ದು, ಕಾನೂನು ಹೇಳಿದ್ದು

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವೇ ಕೊಟ್ಟ ಲೆಕ್ಕ ಇದು. ದಿನಕ್ಕೆ ಸರಾಸರಿ ತೊಂಬತ್ತು ಜನ. ಹಾಲು ತರಲು ಹೊರಟವರು, ಬಸ್ಸಿಳಿದು ಎದುರು ಬದಿಗೆ ಹೊರಟವರು, ಹೊಲದಿಂದ ಮನೆಗೆ ಬರುತ್ತಿದ್ದವರು, ಶಾಲೆ ಬಿಟ್ಟ ಮಕ್ಕಳು.

ಇಂಥ ಸಾವಿನ ಸುದ್ದಿ ಬಂದಾಗ ಮೊದಲು ಏಳುವ ಪ್ರಶ್ನೆ ಒಂದೇ: ಅಲ್ಲಿ ಯಾಕೆ ದಾಟಲು ಹೋದರು? ಗಾಡಿ ಅಷ್ಟು ವೇಗವಾಗಿ ಯಾಕೆ ಬಂತು ಎನ್ನುವ ಪ್ರಶ್ನೆ ಆಮೇಲೆ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ. ನಾವೆಲ್ಲ ಬೆಳೆದದ್ದು ಇದೇ ಮಾತು ಕೇಳಿಕೊಂಡು. ರಸ್ತೆಯ ಬಗ್ಗೆ ಮನೆಯಲ್ಲಿ, ಗೆಳೆಯರಿಂದ, ಡ್ರೈವಿಂಗ್ ಕಲಿಸಿದವರಿಂದ ನಮಗೆ ಬಂದ ತಿಳಿವಳಿಕೆಯಲ್ಲಿ ಬಹುಪಾಲು ಕಾನೂನಿಗೆ ನೇರ ವಿರುದ್ಧ. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ರಸ್ತೆ ಇರುವುದು ವಾಹನಗಳಿಗೆ. ನಡೆಯುವವರು ಗಾಡಿಗಳೆಲ್ಲ ಹೋಗುವವರೆಗೆ ಕಾದು, ಸಂದು ಸಿಕ್ಕಾಗ ದಾಟಬೇಕು.

ವಾಸ್ತವ: ಸಿಗ್ನಲ್ ಇಲ್ಲದ ಜೀಬ್ರಾ ಕ್ರಾಸಿಂಗ್‌ನಲ್ಲಿ ಕಾಯಬೇಕಾದವರು ನಡೆಯುವವರಲ್ಲ, ವಾಹನ ಓಡಿಸುವವರು. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಚಾಲಕರು ವೇಗ ತಗ್ಗಿಸಬೇಕು, ನಿಲ್ಲಿಸಬೇಕು, ಪಾದಚಾರಿಗಳಿಗೂ ಗಾಲಿಕುರ್ಚಿಯಲ್ಲಿ ಬರುವವರಿಗೂ ದಾರಿ ಬಿಡಬೇಕು. ಮೂರೂ ಆಗಬೇಕು. ವೇಗ ಸ್ವಲ್ಪ ಇಳಿಸಿ ಅವರ ಪಕ್ಕದಲ್ಲೇ ನುಸುಳಿಕೊಂಡು ಹೋದರೆ ನಿಯಮ ಪಾಲಿಸಿದಂತೆ ಆಗುವುದಿಲ್ಲ.

ಇದು ಯಾರಿಗೂ ಗೊತ್ತಿಲ್ಲದ ಮೂಲೆಯ ನಿಯಮವಲ್ಲ. ಎಲ್‌ಎಲ್‌ಆರ್ ಪರೀಕ್ಷೆಯ ಪ್ರಶ್ನೆಗಳ ಪಟ್ಟಿಯಲ್ಲೇ ಇದೆ. ಕ್ರಾಸಿಂಗ್ ಬಳಿ ಜನ ದಾಟಲು ಕಾಯುತ್ತಿದ್ದರೆ ಏನು ಮಾಡಬೇಕು ಎಂದು ಅಲ್ಲಿ ಕೇಳುತ್ತಾರೆ. ಹಾರ್ನ್ ಮಾಡಿ ಮುಂದೆ ಹೋಗುವುದು ತಪ್ಪು ಉತ್ತರ. ಗಾಡಿ ನಿಲ್ಲಿಸಿ, ಅವರು ದಾಟಿದ ಮೇಲೆ ಮುಂದೆ ಹೋಗುವುದು ಸರಿ ಉತ್ತರ. ಅದೇ ಪಟ್ಟಿಯಲ್ಲಿ ಇನ್ನೊಂದು ಪ್ರಶ್ನೆಯೂ ಇದೆ: ಬಿಳಿಕೋಲು ಹಿಡಿದ ಅಂಧರೊಬ್ಬರು ರಸ್ತೆ ದಾಟುತ್ತಿದ್ದರೆ? ಆ ಬಿಳಿಕೋಲನ್ನೇ ನಿಲ್ಲು ಎನ್ನುವ ಸಂಚಾರ ಸಂಕೇತ ಎಂದು ತಿಳಿದು ನಿಲ್ಲಿಸಬೇಕು. ಪರೀಕ್ಷೆಯ ದಿನ ನಾವು ಇದನ್ನು ಓದಿಕೊಂಡು ಹೋಗುತ್ತೇವೆ, ಗುರುತು ಹಾಕುತ್ತೇವೆ. ಡಿಎಲ್ ಕೈಗೆ ಬಂದ ಮೇಲೆ ರಸ್ತೆಯಲ್ಲಿ ಬೇರೆಯವರು ಮಾಡುವುದನ್ನೇ ಮಾಡುತ್ತೇವೆ.

ಹಾಗೆಂದು ಚಾಲಕರನ್ನೆಲ್ಲ ಕಟುಕರೆಂದು ಬಯ್ಯುವುದು ನ್ಯಾಯವಲ್ಲ. ಜೀಬ್ರಾ ಬಳಿ ನಿಲ್ಲಿಸಿದರೆ ಹಿಂದಿನ ಗಾಡಿ ಬಂದು ಗುದ್ದೀತು ಎನ್ನುವ ಹೆದರಿಕೆ ಹಲವರಿಗಿದೆ, ಅದು ಸುಳ್ಳು ಹೆದರಿಕೆಯೂ ಅಲ್ಲ. ಅದಕ್ಕೆ ಪರಿಹಾರ ಕ್ರಾಸಿಂಗ್ ಕಣ್ಣಿಗೆ ಬಿದ್ದ ಕೂಡಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಬ್ರೇಕನ್ನು ಮೆಲ್ಲಗೆ ಮುಟ್ಟುವುದು. ಹಿಂದಿನವರಿಗೆ ಬ್ರೇಕ್ ಲೈಟ್ ಕಾಣುತ್ತದೆ, ಅವರೂ ನಿಧಾನಿಸುತ್ತಾರೆ. ಕೊನೆಯ ಗಳಿಗೆಯಲ್ಲಿ ಒತ್ತಿ ನಿಲ್ಲಿಸಿದರೆ ಮಾತ್ರ ಹಿಂದಿನವರಿಗೆ ಅಪಾಯ.

ತಪ್ಪು ಕಲ್ಪನೆ: ರಸ್ತೆ ತೆರಿಗೆ ಕಟ್ಟುವವರು ವಾಹನದವರು. ಏನೂ ಕಟ್ಟದವರಿಗೆ ಎರಡನೆಯ ಜಾಗ.

ವಾಸ್ತವ: ಮೋಟಾರು ವಾಹನ ತೆರಿಗೆ ವಾಹನದ ಮೇಲೆ ಬೀಳುವ ತೆರಿಗೆ. ಅದು ರಸ್ತೆಯ ಮೇಲಿನ ಆದ್ಯತೆಗೆ ಕಟ್ಟಿದ ಬೆಲೆಯಲ್ಲ. ಎತ್ತಿನಗಾಡಿಗೆ, ಸೈಕಲ್ಲಿಗೆ ಆ ತೆರಿಗೆ ಇಲ್ಲ, ಆದರೂ ಆ ಕಾರಣಕ್ಕೆ ಅವಕ್ಕೆ ರಸ್ತೆಯಲ್ಲಿ ಹಕ್ಕಿಲ್ಲ ಎಂದು ಯಾವ ಕಾನೂನೂ ಹೇಳಿಲ್ಲ. ಊರೊಳಗಿನ ಬೀದಿಗಳಿಗೆ ಪಾಲಿಕೆ, ಪುರಸಭೆ, ಪಂಚಾಯಿತಿಗಳ ಹಣವೂ ಹೋಗುತ್ತದೆ. ಆ ಹಣದಲ್ಲಿ ನಡೆದಾಡುವವರ ಮನೆಯ ಕಂದಾಯವೂ ಸೇರಿದೆ. ಅಷ್ಟಕ್ಕೂ ಕಾರಿನಿಂದ ಇಳಿದವರೂ ಮರುಕ್ಷಣ ಪಾದಚಾರಿಗಳೇ.

ತಪ್ಪು ಕಲ್ಪನೆ: ಹಾರ್ನ್ ಹೊಡೆದರೆ, ಹೆಡ್‌ಲೈಟ್ ಮಿನುಗಿಸಿದರೆ ಎಚ್ಚರಿಕೆ ಕೊಟ್ಟಂತಾಯಿತು. ಆಮೇಲೂ ಸರಿಯದಿದ್ದರೆ ತಪ್ಪು ಅವರದೇ.

ವಾಸ್ತವ: ಹಾರ್ನ್‌ಗೆ ದಾರಿ ಕೊಡಿಸುವ ಅಧಿಕಾರ ಇಲ್ಲ. ಹೆಡ್‌ಲೈಟ್‌ಗೂ ಇಲ್ಲ. ನಾನು ಇಲ್ಲಿದ್ದೇನೆ ಎಂದು ತಿಳಿಸುವುದಷ್ಟೇ ಅವುಗಳ ಕೆಲಸ. ಬ್ರೇಕ್ ಹಾಕುವ ಹೊಣೆ ಅದರಿಂದ ತಪ್ಪುವುದಿಲ್ಲ. ಕಿವಿ ಮಂದವಾದ ಹಿರಿಯರಿಗೆ ಹಾರ್ನ್ ಕೇಳುವುದೇ ಇಲ್ಲ. ಕೇಳಿಸಿದ ಮಕ್ಕಳು ಗಾಬರಿಯಾಗಿ ಮುಂದಕ್ಕೆ ಓಡಬಹುದು, ಹಿಂದಕ್ಕೂ ಓಡಬಹುದು, ನಡುರಸ್ತೆಯಲ್ಲೇ ನಿಂತುಬಿಡಬಹುದು. ರಾತ್ರಿ ಹೆಡ್‌ಲೈಟ್ ಕಣ್ಣಿಗೆ ಹೊಡೆದರೆ ಕೆಲ ಕ್ಷಣ ಏನೂ ಕಾಣಿಸುವುದಿಲ್ಲ, ಗಾಡಿ ಎಷ್ಟು ದೂರದಲ್ಲಿದೆ ಎನ್ನುವ ಅಂದಾಜೂ ಸಿಗುವುದಿಲ್ಲ.

ತಪ್ಪು ಕಲ್ಪನೆ: ಕೆಂಪು ದೀಪ ಇದ್ದರೂ ಎಡಕ್ಕೆ ತಿರುಗಲು ಯಾವಾಗಲೂ ಅವಕಾಶವಿದೆ.

ವಾಸ್ತವ: ಇಲ್ಲ. ಫ್ರೀ ಲೆಫ್ಟ್ ಎನ್ನುವುದು ಬೋರ್ಡು ಹಾಕಿದ ಕಡೆ ಅಥವಾ ಹಸಿರು ಬಾಣದ ಗುರುತು ಉರಿದಾಗ ಸಿಗುವ ಅವಕಾಶ. ಅದು ಎಲ್ಲ ಸಿಗ್ನಲ್‌ಗಳಿಗೂ ಅನ್ವಯಿಸುವ ನಿಯಮವಲ್ಲ. ಅವಕಾಶ ಇದ್ದ ಕಡೆಯೂ ದಾಟುತ್ತಿರುವವರು ಮೊದಲು, ತಿರುಗುವ ಗಾಡಿ ಆಮೇಲೆ. ಎಡಕ್ಕೆ ತಿರುಗುವ ಚಾಲಕರ ಕಣ್ಣು ಬಲದಿಂದ ಬರುವ ವಾಹನಗಳ ಮೇಲೆ ಇರುತ್ತದೆ. ಎಡಗಡೆ ಫುಟ್‌ಪಾತ್‌ನಿಂದ ಕಾಲಿಟ್ಟವರು ಅವರಿಗೆ ಕಾಣುವುದೇ ಇಲ್ಲ. ಸಿಗ್ನಲ್ ತಮಗೆ ಹಸಿರಾಗಿದೆ ಎಂದು ನಂಬಿ ಹೊರಟವರಿಗೆ ಪೆಟ್ಟಾಗುವುದು ಇಲ್ಲಿಯೇ. ಇದರ ಜತೆಗೆ ಹೇಳಬೇಕಾದ ಇನ್ನೊಂದು ವಿಷಯ: ಕೆಂಪು ದೀಪಕ್ಕೆ ನಿಲ್ಲಬೇಕಾದದ್ದು ಜೀಬ್ರಾ ಪಟ್ಟಿಗಳ ಮೇಲಲ್ಲ, ಅವಕ್ಕಿಂತ ಹಿಂದೆ ಅಡ್ಡಲಾಗಿ ಎಳೆದ ಬಿಳಿ ಗೆರೆಯ ಹಿಂದೆ.

ತಪ್ಪು ಕಲ್ಪನೆ: ಹಾಗಿದ್ದರೆ ಪಾದಚಾರಿಗಳು ಎಲ್ಲಿ ಬೇಕಾದರೂ, ಯಾವಾಗ ಬೇಕಾದರೂ ದಾಟಬಹುದು. ಕೈ ತೋರಿಸಿದರೆ ಗಾಡಿ ನಿಲ್ಲಲೇಬೇಕು.

ವಾಸ್ತವ: ಇದೂ ಅಷ್ಟೇ ತಪ್ಪು. ಸಿಗ್ನಲ್ ಇರುವ ಕಡೆ ಸಿಗ್ನಲ್ ಎಲ್ಲರಿಗೂ ಅನ್ವಯಿಸುತ್ತದೆ. ಪ್ರವೇಶ ನಿಯಂತ್ರಿತ ಹೆದ್ದಾರಿಯ ಮುಖ್ಯ ಪಥಗಳಲ್ಲಿ ನಡೆದು ದಾಟುವಂತೆಯೇ ಇಲ್ಲ. ಬೆಂಗಳೂರು–ಮೈಸೂರು ಹೆದ್ದಾರಿ ಇದಕ್ಕೆ ನಮ್ಮದೇ ಉದಾಹರಣೆ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳನ್ನೂ ನಿಷೇಧಿಸಲಾಯಿತು. ನೂರು ಕಿಲೋಮೀಟರ್ ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಆರು ಪಥಗಳನ್ನು ನಡೆದು ದಾಟಲು ಹದಿನೈದು ಸೆಕೆಂಡಿಗಿಂತ ಹೆಚ್ಚು ಬೇಕು. ಅಷ್ಟರಲ್ಲಿ ಆ ಕಾರು ನಾನೂರು ಮೀಟರ್ ದಾಟಿ ಬಂದಿರುತ್ತದೆ. ಅಷ್ಟು ದೂರದ ಗಾಡಿಯ ವೇಗವನ್ನು ಯಾರ ಕಣ್ಣೂ ಸರಿಯಾಗಿ ಅಳೆಯಲಾರದು. ಬೇಲಿಯ ಆಚೆಗೇ ಹೊಲ ಇರುವವರ ಕಷ್ಟ ನಿಜ. ಅವರಿಗೆ ಹತ್ತಿರದಲ್ಲಿ ಕೆಳಸೇತುವೆ ಕೇಳುವ ಹಕ್ಕಿದೆ, ಕೇಳಲೇಬೇಕು. ಬೇಲಿ ಮುರಿದು ದಾಟುವುದು ಮಾತ್ರ ಪರಿಹಾರವಲ್ಲ.

ಕೈ ತೋರಿಸುವುದರಿಂದ ಉಪಯೋಗವಿದೆ, ಚಾಲಕರ ಗಮನ ಸೆಳೆಯುತ್ತದೆ. ಆದರೆ ನಿಮ್ಮ ಕೈ ಕಾಣುವುದು ಮೊದಲ ಸಾಲಿನ ಗಾಡಿಗೆ ಮಾತ್ರ. ನಿಂತ ಬಸ್ಸಿನ ಮುಂದಿನಿಂದ ದಾಟುವಾಗ ಆಗುವುದು ಹೀಗೆ: ಬಸ್ಸಿನ ಚಾಲಕರು ನಿಮ್ಮನ್ನು ನೋಡಿದ್ದಾರೆ, ಹೋಗಿ ಎಂದು ತಲೆಯಾಡಿಸಿಯೂ ಇದ್ದಾರೆ. ಬಸ್ಸಿನ ಬಲಗಡೆಯಿಂದ ಮುನ್ನುಗ್ಗುವ ಬೈಕಿನವರಿಗೆ ಬಸ್ಸು ಬಿಟ್ಟರೆ ಬೇರೇನೂ ಕಾಣುತ್ತಿಲ್ಲ. ಬಸ್ಸಿನ ಅಂಚಿಗೆ ಬಂದಾಗ ಮತ್ತೊಮ್ಮೆ ನಿಂತು, ಇಣುಕಿ ನೋಡಿಯೇ ಮುಂದಿನ ಹೆಜ್ಜೆ ಇಡಬೇಕು. ಸಾಧ್ಯವಾದರೆ ಬಸ್ಸು ಹೊರಡುವವರೆಗೆ ಕಾಯಬೇಕು. ಬೈಕಿನವರೂ ಇಷ್ಟು ತಿಳಿದಿರಬೇಕು: ಕ್ರಾಸಿಂಗ್ ಬಳಿ ಒಂದು ಗಾಡಿ ನಿಂತಿದ್ದರೆ ಅದರ ಮುಂದೆ ಮನುಷ್ಯರು ಇರಬಹುದು. ಅಲ್ಲಿ ಓವರ್‌ಟೇಕ್ ಮಾಡುವುದೆಂದರೆ ಕಣ್ಣು ಮುಚ್ಚಿ ಓಡಿಸಿದ ಹಾಗೆ.

ತಪ್ಪು ಕಲ್ಪನೆ: ಮೂವತ್ತಕ್ಕೂ ಐವತ್ತಕ್ಕೂ ಅಂಥ ವ್ಯತ್ಯಾಸವೇನೂ ಇಲ್ಲ. ಕೈಪಳಗಿದ ಚಾಲಕರು ಯಾವ ವೇಗದಲ್ಲಿದ್ದರೂ ನಿಲ್ಲಿಸಬಲ್ಲರು.

ವಾಸ್ತವ: ನಾವು ನಂಬಿರುವ ತಪ್ಪುಗಳಲ್ಲೆಲ್ಲ ಹೆಚ್ಚು ಜೀವ ತೆಗೆಯುವುದು ಇದು ಎಂದು ನಮ್ಮ ಅಭಿಪ್ರಾಯ. ಆದ್ದರಿಂದ ಲೆಕ್ಕವನ್ನೇ ಮುಂದಿಡುತ್ತೇವೆ.

ಅಪಾಯ ಕಂಡ ಕ್ಷಣದಿಂದ ಬ್ರೇಕ್ ಹಿಡಿಯುವವರೆಗೆ, ಎಚ್ಚರವಾಗಿರುವ ಚಾಲಕರಿಗೂ ಸುಮಾರು ಒಂದು ಸೆಕೆಂಡು ಬೇಕು. ಆ ಒಂದು ಸೆಕೆಂಡು ಗಾಡಿ ಅದೇ ವೇಗದಲ್ಲಿ ಓಡುತ್ತಲೇ ಇರುತ್ತದೆ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಅದು 8 ಮೀಟರ್ ಮುಂದೆ ಹೋಗುತ್ತದೆ. ಆಮೇಲೆ ಬ್ರೇಕ್ ಹಿಡಿದು ನಿಲ್ಲಲು, ಒಣ ರಸ್ತೆ, ಒಳ್ಳೆಯ ಟೈರ್ ಇದ್ದರೆ, ಇನ್ನೂ 5 ಮೀಟರ್. ಒಟ್ಟು 13 ಮೀಟರ್. 50ರ ವೇಗದಲ್ಲಿ ಅದೇ ಒಂದು ಸೆಕೆಂಡಿಗೆ 14 ಮೀಟರ್ ಹೋಗಿರುತ್ತದೆ, ನಿಲ್ಲಲು ಮತ್ತೆ 14 ಮೀಟರ್ ಬೇಕು. ಒಟ್ಟು 28.

ಈಗ 13 ಮೀಟರ್ ದೂರದಲ್ಲಿ ಒಂದು ಮಗು ಚೆಂಡಿನ ಹಿಂದೆ ರಸ್ತೆಗೆ ಓಡಿ ಬಂತು ಎಂದಿಟ್ಟುಕೊಳ್ಳಿ. 30ರಲ್ಲಿ ಬಂದ ಕಾರು ಮಗುವಿನ ಮುಂದೆ ನಿಲ್ಲುತ್ತದೆ. 50ರಲ್ಲಿ ಬಂದ ಕಾರಿನ ಚಾಲಕರ ಕಾಲು ಬ್ರೇಕನ್ನು ಇನ್ನೂ ಮುಟ್ಟಿಯೂ ಇರುವುದಿಲ್ಲ. ಕಾರು ಪೂರ್ತಿ ಐವತ್ತರ ವೇಗದಲ್ಲೇ ಮಗುವಿಗೆ ಬಡಿಯುತ್ತದೆ. ಇಬ್ಬರೂ ಒಳ್ಳೆಯ ಚಾಲಕರೇ. ಇಬ್ಬರಿಗೂ ಮಗು ಕಂಡದ್ದು ಒಂದೇ ದೂರದಿಂದ. ಒಂದು ಮನೆಯಲ್ಲಿ ಮಗು ಉಳಿಯಿತು, ಇನ್ನೊಂದರಲ್ಲಿ ಉಳಿಯಲಿಲ್ಲ. ವ್ಯತ್ಯಾಸ ಇದ್ದದ್ದು ವೇಗದಲ್ಲಿ ಮಾತ್ರ. ಮೊಬೈಲ್ ನೋಡುತ್ತಿದ್ದವರಿಗೆ ಆ ಒಂದು ಸೆಕೆಂಡು ಎರಡಾಗುತ್ತದೆ, ಮೂರಾಗುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ ಬ್ರೇಕಿನ ದೂರ ಇನ್ನೂ ಹಿಗ್ಗುತ್ತದೆ.

ಪೆಟ್ಟಿನ ತೀವ್ರತೆಯೂ ವೇಗದ ಜತೆ ಸಮಸಮವಾಗಿ ಏರುವುದಿಲ್ಲ. ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹೈಸ್ಕೂಲಿನ ಭೌತಶಾಸ್ತ್ರದಲ್ಲಿ ನಾವು ಕಲಿತದ್ದೇ ಇದು. ಕಾರಿನೊಳಗೆ ಇರುವವರಿಗೆ ಸೀಟ್ ಬೆಲ್ಟ್ ಇದೆ, ಏರ್‌ಬ್ಯಾಗ್ ಇದೆ, ತಗಡಿನ ಕವಚ ಇದೆ. ನಡೆಯುವವರಿಗೆ ಮೈಮೇಲಿನ ಬಟ್ಟೆ ಬಿಟ್ಟರೆ ಏನೂ ಇಲ್ಲ. ಜನ ಮತ್ತು ವಾಹನ ಬೆರೆತು ಓಡಾಡುವ ಬೀದಿಗಳಲ್ಲಿ ಗರಿಷ್ಠ ವೇಗ 30 ಕಿಲೋಮೀಟರ್ ಇರಬೇಕು ಎಂದು ರಸ್ತೆ ಸುರಕ್ಷತೆ ಕುರಿತ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದ್ದು ಇದೇ ಕಾರಣಕ್ಕೆ.

ವೇಗ ತಗ್ಗಿಸಿದರೆ ತಡವಾಗುತ್ತದೆ ಎನ್ನುವವರಿಗೆ ಇನ್ನೊಂದು ಲೆಕ್ಕ. ಹೆದ್ದಾರಿ ಹಾದುಹೋಗುವ ಒಂದು ಹಳ್ಳಿಯ ಉದ್ದ ಒಂದು ಕಿಲೋಮೀಟರ್ ಇದ್ದರೆ, 60ರ ವೇಗದಲ್ಲಿ ಅದನ್ನು ದಾಟಲು ಒಂದು ನಿಮಿಷ, 30ರಲ್ಲಿ ಎರಡು ನಿಮಿಷ. ಉಳಿಯುವುದು ಒಂದೇ ನಿಮಿಷ.

ತಪ್ಪು ಕಲ್ಪನೆ: ಸ್ಕೈವಾಕ್ ಕಟ್ಟಿದ ಮೇಲೆ ಸಮಸ್ಯೆ ಮುಗಿಯಿತು. ಅದನ್ನು ಬಿಟ್ಟು ಕೆಳಗೆ ದಾಟುವವರು ಸೋಮಾರಿಗಳು.

ವಾಸ್ತವ: ಊರೊಳಗಿನ ರಸ್ತೆಯ ಮೇಲೆ ಹಾಯುವ ಯಾವುದೇ ಸೇತುವೆ, ಕೆಳಗೆ ಲಾರಿ, ಬಸ್ಸು ಹೋಗಲು ಸುಮಾರು ಐದೂವರೆ ಮೀಟರ್ ಎತ್ತರ ಬಿಟ್ಟಿರಬೇಕು. ಸೇತುವೆಯ ದಪ್ಪವೂ ಸೇರಿದರೆ ಆರು ಮೀಟರ್. ಒಂದು ಮೆಟ್ಟಿಲಿಗೆ ಹದಿನೈದು ಸೆಂಟಿಮೀಟರ್ ಎಂದರೆ ನಲವತ್ತು ಮೆಟ್ಟಿಲು ಹತ್ತಬೇಕು, ಮತ್ತೆ ನಲವತ್ತು ಇಳಿಯಬೇಕು. ಮಂಡಿನೋವಿನ ಅಜ್ಜಿಗೆ, ತುಂಬು ಬಸುರಿಗೆ, ತರಕಾರಿ ಬುಟ್ಟಿ ಹೊತ್ತವರಿಗೆ ಇದು ಸಣ್ಣ ಮಾತಲ್ಲ. ಗಾಲಿಕುರ್ಚಿಯವರಿಗೆ ಲಿಫ್ಟ್ ಕೆಟ್ಟ ದಿನ ಆ ಸ್ಕೈವಾಕ್ ಇಲ್ಲದ್ದಕ್ಕೆ ಸಮ. ರಾತ್ರಿ ದೀಪ ಉರಿಯದ, ಎರಡೂ ಬದಿ ಜಾಹೀರಾತು ಫಲಕದಿಂದ ಮುಚ್ಚಿದ ಸೇತುವೆಯ ಮೇಲೆ ಒಬ್ಬಂಟಿ ಹೆಂಗಸರು ಹತ್ತಲು ಹಿಂಜರಿದರೆ ಅದನ್ನು ಸೋಮಾರಿತನ ಎನ್ನಲಾಗದು.

ಹದಿನಾಲ್ಕು ಮೀಟರ್ ಅಗಲದ ನಾಲ್ಕು ಪಥದ ರಸ್ತೆಯನ್ನು ನೆಲದ ಮೇಲೆಯೇ ದಾಟಲು ಸಾಧಾರಣ ನಡಿಗೆಗೆ ಹನ್ನೆರಡು ಸೆಕೆಂಡು ಸಾಕು. ನಿಧಾನ ನಡೆಯುವ ಹಿರಿಯರಿಗೆ ಹದಿನೆಂಟು. ಸಿಗ್ನಲ್‌ನಲ್ಲಿ ಅಷ್ಟು ಸಮಯ ಅವರಿಗೆ ಬಿಟ್ಟರೆ, ನಡುವೆ ನಿಲ್ಲಲು ಡಿವೈಡರ್‌ನಲ್ಲಿ ಸ್ವಲ್ಪ ಜಾಗ ಕೊಟ್ಟರೆ, ಎಷ್ಟೋ ಕಡೆ ಸ್ಕೈವಾಕ್ ಬೇಕಾಗುವುದೇ ಇಲ್ಲ. ರಸ್ತೆಯ ಮಟ್ಟಕ್ಕಿಂತ ಸ್ವಲ್ಪ ಎತ್ತರಿಸಿ ಕಟ್ಟಿದ ಜೀಬ್ರಾ ಕ್ರಾಸಿಂಗ್ ಇನ್ನೂ ಒಳ್ಳೆಯದು. ಅದು ಹಂಪ್‌ನ ಕೆಲಸವನ್ನೂ ಮಾಡುತ್ತದೆ, ವಾಹನ ನಿಧಾನಿಸಲೇಬೇಕಾಗುತ್ತದೆ. ಹೆದ್ದಾರಿಗೆ, ರೈಲು ಹಳಿಗೆ ಮೇಲ್ಸೇತುವೆ ಬೇಕೇ ಬೇಕು, ಅದನ್ನು ಅಲ್ಲಗಳೆಯುತ್ತಿಲ್ಲ. ಊರ ನಡುವಿನ ಮಾರುಕಟ್ಟೆ ರಸ್ತೆಯಲ್ಲಿ ಜನರನ್ನು ಮೇಲೆ ಹತ್ತಿಸಿ, ಕೆಳಗೆ ಗಾಡಿಗಳ ವೇಗ ಹೆಚ್ಚಿಸುವುದನ್ನು ಸುರಕ್ಷತೆ ಎಂದು ಕರೆಯುವುದಕ್ಕೆ ನಮ್ಮ ತಕರಾರು.

ತಪ್ಪು ಕಲ್ಪನೆ: ಟ್ರಾಫಿಕ್ ಜಾಮ್ ಆದಾಗ ಬೈಕು ಫುಟ್‌ಪಾತ್ ಹತ್ತಿದರೆ ಯಾರಿಗೂ ನಷ್ಟವಿಲ್ಲ. ಫುಟ್‌ಪಾತ್ ಹಾಳಾಗಿರುವುದು ಬೀದಿ ವ್ಯಾಪಾರಿಗಳಿಂದ.

ವಾಸ್ತವ: ಫುಟ್‌ಪಾತ್ ಮೇಲೆ ವಾಹನ ಓಡಿಸುವುದೂ ನಿಲ್ಲಿಸುವುದೂ ಅಪರಾಧ. ಎರಡೇ ನಿಮಿಷಕ್ಕೆ ನಿಲ್ಲಿಸಿದರೂ ಅಪರಾಧವೇ. ಆ ಎರಡು ನಿಮಿಷ ನಡೆಯುವವರು ರಸ್ತೆಗೆ ಇಳಿಯುತ್ತಾರೆ, ಹಿಂದಿನಿಂದ ಬರುವ ಬಸ್ಸಿಗೆ ಬೆನ್ನು ಕೊಟ್ಟು ನಡೆಯುತ್ತಾರೆ. ಅಡೆತಡೆ ಇಲ್ಲದ, ಅಂಗವಿಕಲರೂ ಬಳಸಬಲ್ಲ ಫುಟ್‌ಪಾತ್ ಪಡೆಯುವುದು ಸಂವಿಧಾನದ 21ನೇ ವಿಧಿ ಕೊಡುವ ಜೀವಿಸುವ ಹಕ್ಕಿನ ಭಾಗ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ವ್ಯಾಪಾರಿಗಳ ಮೇಲಿನ ಆರೋಪವನ್ನು ಸಮಾಧಾನದಿಂದ ನೋಡಬೇಕು. ಕೆಲವು ಕಡೆ ಅವರು ದಾರಿ ಪೂರ್ತಿ ಮುಚ್ಚಿರುವುದು ನಿಜ. ಆದರೆ ಅವರಿಗೂ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ರಕ್ಷಣೆಯಿದೆ. ಎಲ್ಲಿ ಕೂರಬೇಕು ಎಂದು ಗುರುತಿಸಿ ಕೊಡುವುದು ಪಟ್ಟಣ ವ್ಯಾಪಾರ ಸಮಿತಿಗಳ ಕೆಲಸ. ನಮ್ಮ ಯಾವುದೇ ಪೇಟೆಯ ಒಂದು ಬೀದಿಯನ್ನು ಈ ತುದಿಯಿಂದ ಆ ತುದಿಗೆ ನಡೆದು ನೋಡಿ. ನಿಲ್ಲಿಸಿದ ಬೈಕು, ಟ್ರಾನ್ಸ್‌ಫಾರ್ಮರ್, ಕಟ್ಟಡದ ಜಲ್ಲಿ–ಮರಳಿನ ರಾಶಿ, ಅಂಗಡಿಯವರು ಕಟ್ಟಿಕೊಂಡ ಮೆಟ್ಟಿಲು, ಎತ್ತಿಟ್ಟ ಚರಂಡಿ ಚಪ್ಪಡಿ, ಮನೆಯ ಗೇಟಿಗೆಂದು ಮಾಡಿದ ಇಳಿಜಾರು. ಇವೆಲ್ಲ ಬಿಟ್ಟು ಸೊಪ್ಪು ಮಾರುವ ಹೆಂಗಸಿನ ಬುಟ್ಟಿಯೊಂದೇ ಕಣ್ಣಿಗೆ ಕಾಣುವುದು ಸರಿಯಲ್ಲ. ಎಷ್ಟೋ ಬೀದಿಗಳಲ್ಲಿ ಸಂಜೆಯ ಹೊತ್ತು ಬೆಳಕು, ಜನ ಇರುವುದು ಆ ವ್ಯಾಪಾರಿಗಳಿಂದಲೇ.

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತ್‌ನಲ್ಲಿ ಅಡೆತಡೆಯಿಲ್ಲದ ನಡಿಗೆಯ ಜಾಗ ಕನಿಷ್ಠ 1.8 ಮೀಟರ್ ಇರಬೇಕು, ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದು. ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಯೋಜನೆಯಡಿ ಮತ್ತೆ ಕಟ್ಟಿದ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳಲ್ಲಿ ಅಗಲವಾದ, ಸಮತಟ್ಟಾದ ಫುಟ್‌ಪಾತ್ ಬಂತು. ಕೇಬಲ್, ಪೈಪುಗಳು ಅದರ ಕೆಳಗೆ ಹೋದವು. ಮಾಡಲು ಸಾಧ್ಯ ಎನ್ನುವುದಕ್ಕೆ ಅಷ್ಟು ಸಾಕ್ಷಿ ಸಾಕು. ಆ ಕೆಲಸ ಹೊರವಲಯದ ಬಡಾವಣೆಗಳಿಗೆ, ಜಿಲ್ಲಾ ಕೇಂದ್ರಗಳಿಗೆ ಯಾವಾಗ ಬರುತ್ತದೆ ಎಂದು ನಾವು ಕೇಳುತ್ತಲೇ ಇರಬೇಕು.

ತಪ್ಪು ಕಲ್ಪನೆ: ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಎಡಬದಿಯಲ್ಲಿ ನಡೆಯಬೇಕು.

ವಾಸ್ತವ: ಎಡಕ್ಕೆ ಚಲಿಸಿ ಎನ್ನುವುದು ವಾಹನಗಳ ನಿಯಮ. ಶಾಲೆಯಲ್ಲಿ ಅದನ್ನೇ ನಡಿಗೆಗೂ ಹೇಳಿಕೊಟ್ಟರು, ನಾವೂ ಹಾಗೇ ನಡೆದೆವು. ಫುಟ್‌ಪಾತ್ ಇಲ್ಲದ ಕಡೆ ಬಲಬದಿಯಲ್ಲಿ ನಡೆಯುವುದು ಸರಿ. ಎಲ್‌ಎಲ್‌ಆರ್ ಪ್ರಶ್ನೆಪಟ್ಟಿಯ ಸರಿ ಉತ್ತರವೂ ಅದೇ. ಬಲಬದಿಯಲ್ಲಿ ನಡೆದರೆ ನಿಮ್ಮ ಪಕ್ಕದಲ್ಲಿ ಹಾಯುವ ವಾಹನ ಎದುರಿನಿಂದ ಬರುತ್ತದೆ, ಕಣ್ಣಿಗೆ ಕಾಣುತ್ತದೆ, ಪಕ್ಕಕ್ಕೆ ಸರಿಯಲು ಸಮಯ ಸಿಗುತ್ತದೆ. ಕತ್ತಲಾದ ಮೇಲೆ ಹಳ್ಳಿ ರಸ್ತೆಯಲ್ಲಿ ಕೈಯಲ್ಲಿ ಟಾರ್ಚ್ ಇರಲಿ, ಮೈಮೇಲೆ ತಿಳಿಬಣ್ಣದ ಬಟ್ಟೆ ಇರಲಿ.

ತಪ್ಪು ಕಲ್ಪನೆ: ಕೆಲವು ತಿರುವುಗಳು ಬಲಿ ಕೇಳುತ್ತವೆ. ಅಲ್ಲಿ ಸತ್ತವರ ಪ್ರೇತ ಅಡ್ಡ ಬರುತ್ತದೆ. ಪೂಜೆ ಮಾಡಿಸಿದ, ನಿಂಬೆಹಣ್ಣು ಹತ್ತಿಸಿದ ಗಾಡಿಗೆ ಏನೂ ಆಗುವುದಿಲ್ಲ. ಆಗುವುದಿದ್ದರೆ ಹಣೆಬರಹ.

ವಾಸ್ತವ: ಈ ಮಾತನ್ನು ನಕ್ಕು ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸಾವಾಗುವುದನ್ನು ಜನ ಸರಿಯಾಗಿಯೇ ಗಮನಿಸಿದ್ದಾರೆ. ಅವರು ಕಂಡದ್ದು ನಿಜ, ಕೊಟ್ಟ ಕಾರಣ ತಪ್ಪು. ಸರ್ಕಾರದ ದಾಖಲೆಯಲ್ಲಿ ಅಂಥ ಜಾಗಕ್ಕೆ ಬ್ಲ್ಯಾಕ್ ಸ್ಪಾಟ್ ಎಂದು ಹೆಸರು. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತಗಳು ಆಗಿದ್ದರೆ, ಅಥವಾ ಹತ್ತು ಸಾವುಗಳಾಗಿದ್ದರೆ, ಅದು ಬ್ಲ್ಯಾಕ್ ಸ್ಪಾಟ್.

ಅಲ್ಲಿ ಹೋಗಿ ನೋಡಿದರೆ ಕಾರಣ ಕಣ್ಣಿಗೆ ಕಾಣುವಂಥದ್ದೇ. ತಿರುವಿನಲ್ಲಿ ರಸ್ತೆಯ ಹೊರ ಅಂಚು ಬೇಕಾದಷ್ಟು ಎತ್ತರವಿಲ್ಲ. ಮರದ ಕೊಂಬೆ ಎದುರು ದಾರಿಯನ್ನು ಮುಚ್ಚಿದೆ. ಹಳ್ಳಿಯ ಅಡ್ಡರಸ್ತೆ ಇಳಿಜಾರಿನಲ್ಲಿ ಬಂದು ಹೆದ್ದಾರಿಗೆ ಸೇರುತ್ತದೆ. ಬಸ್ ನಿಲ್ದಾಣ ಒಂದು ಕಡೆ, ಊರು ಇನ್ನೊಂದು ಕಡೆ, ನಡುವೆ ದೀಪವಿಲ್ಲ. ರಾತ್ರಿ ಚಾಲಕರಿಗೆ ಥಟ್ಟನೆ ಅಡ್ಡ ಬಂದ ಹಾಗೆ ಕಾಣುವುದು ಕತ್ತಲಲ್ಲಿ ರಸ್ತೆ ದಾಟುತ್ತಿರುವ ಬದುಕಿರುವ ಮನುಷ್ಯರು. ಹೆಡ್‌ಲೈಟ್‌ನ ಬೆಳಕು ತಲುಪುವ ದೂರಕ್ಕಿಂತ ನಿಲ್ಲಿಸಲು ಬೇಕಾದ ದೂರ ಹೆಚ್ಚಾದಾಗ ಅವರು ಕಾಣುವಷ್ಟರಲ್ಲಿ ಕಾಲ ಮೀರಿರುತ್ತದೆ. ದೀಪ ಹಾಕಿ, ಅಡ್ಡರಸ್ತೆಯ ಬಾಯಿಯಲ್ಲಿ ಹಂಪ್ ಕಟ್ಟಿ, ಕೊಂಬೆ ಕಡಿದು, ದಾಟುವವರಿಗೆ ಜಾಗ ಮಾಡಿಕೊಟ್ಟರೆ ಬಲಿ ನಿಲ್ಲುತ್ತದೆ. ಹಣೆಬರಹವೇ ಆಗಿದ್ದರೆ ದೀಪದ ಕಂಬದಿಂದ ಅದು ಬದಲಾಗುತ್ತಿರಲಿಲ್ಲ. ರಸ್ತೆಯ ವಿನ್ಯಾಸ, ನಿರ್ವಹಣೆಯ ದೋಷದಿಂದ ಸಾವಾದರೆ ಹೊಣೆಗಾರ ಸಂಸ್ಥೆ ಅಥವಾ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 198ಎ ಕಲಮು ಸೇರಿದೆ. ಊರಿನವರು ಆ ಕಲಮನ್ನು ಹೆಸರಿಸಿ ಮನವಿ ಕೊಡಬಹುದು.

ಘಟ್ಟದ ತಿರುವಿನ ಗುಡಿಯ ಮುಂದೆ ಗಾಡಿ ನಿಧಾನಿಸಿ ಕೈಮುಗಿಯುವುದರಲ್ಲಿ ಕೆಡುಕೇನಿಲ್ಲ, ನಿಧಾನಿಸಿದ್ದೇ ಲಾಭ. ಆಯುಧಪೂಜೆಯ ಬೂದುಗುಂಬಳಕಾಯಿಯನ್ನು ನಡುರಸ್ತೆಯಲ್ಲಿ ಒಡೆದು ಬಿಟ್ಟುಹೋಗುವುದರಲ್ಲಿ ಮಾತ್ರ ನಿಜವಾದ ಕೆಡುಕಿದೆ. ಅದರ ತಿರುಳಿನ ಮೇಲೆ ಬೈಕು ಜಾರುತ್ತದೆ, ನಡೆಯುವವರೂ ಜಾರುತ್ತಾರೆ. ಒಡೆದ ಮೇಲೆ ಹೋಳುಗಳನ್ನು ಪಕ್ಕಕ್ಕೆ ಸರಿಸಿ, ಒಂದು ಬಿಂದಿಗೆ ನೀರು ಸುರಿದರೆ ಪೂಜೆಗೆ ಊನವಾಗುವುದಿಲ್ಲ.

ತಪ್ಪು ಕಲ್ಪನೆ: ಜೀಬ್ರಾ ಬಿಟ್ಟು ಬೇರೆ ಕಡೆ ದಾಟುವಾಗ ಗಾಡಿ ಗುದ್ದಿದರೆ ಪರಿಹಾರ ಸಿಗುವುದಿಲ್ಲ. ಗುದ್ದಿದವರು ಓಡಿಹೋದರೆ ಕೇಳುವವರೇ ಇಲ್ಲ.

ವಾಸ್ತವ: ಈ ನಂಬಿಕೆಯಿಂದ ಎಷ್ಟೋ ಬಡ ಕುಟುಂಬಗಳು ಅರ್ಜಿಯನ್ನೇ ಹಾಕುವುದಿಲ್ಲ. ದಾಟಿದವರದೂ ತಪ್ಪಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಅವರ ತಪ್ಪಿನ ಪಾಲಿನಷ್ಟು ಮೊತ್ತ ಕಡಿಮೆ ಮಾಡಬಹುದು. ಅಷ್ಟಕ್ಕೇ ಇಡೀ ಪರಿಹಾರ ಹೋಗಿಬಿಡುವುದಿಲ್ಲ. ಇನ್ನು ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಡಿ ತಪ್ಪು ಯಾರದೆಂದು ಸಾಬೀತುಪಡಿಸುವ ಅಗತ್ಯವೇ ಇಲ್ಲ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ. ಗುದ್ದಿದ ವಾಹನ ಪತ್ತೆಯಾಗದಿದ್ದರೆ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಸಿಗುತ್ತದೆ. ಅದಕ್ಕೆ ಅರ್ಜಿ ಸಲ್ಲಿಸಬೇಕಾದದ್ದು ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಂಥ ವಿಚಾರಣಾಧಿಕಾರಿಗೆ. ಮೊದಲು ಪೊಲೀಸ್ ದೂರು ದಾಖಲಾಗಿರಬೇಕು, ಆಸ್ಪತ್ರೆಯ ಕಾಗದ ಜೋಪಾನವಾಗಿರಬೇಕು. ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಹೋಗುವುದು ಕ್ಷೇಮ.

ತಪ್ಪು ಕಲ್ಪನೆ: ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ಠಾಣೆ, ಕೋರ್ಟು ಅಲೆಯಬೇಕಾಗುತ್ತದೆ. ಆಸ್ಪತ್ರೆಯವರು ಹಣ ಕಟ್ಟು ಎನ್ನುತ್ತಾರೆ.

ವಾಸ್ತವ: ಈ ಭಯಕ್ಕೆ ಹಿಂದೆ ಕಾರಣವಿತ್ತು. ನೆರವಿಗೆ ಹೋದವರೇ ಗುದ್ದಿದವರೆಂಬಂತೆ ಪ್ರಶ್ನೆ ಎದುರಿಸಿದ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಈಗ ಕಾನೂನು ಬದಲಾಗಿದೆ. ನೆರವಾದವರ ರಕ್ಷಣೆಯ ಮಾರ್ಗಸೂಚಿಗೆ 2016ರಲ್ಲಿ ಸುಪ್ರೀಂ ಕೋರ್ಟ್ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ಇದಕ್ಕೆಂದೇ ತನ್ನದೇ ಕಾಯ್ದೆ ಮಾಡಿತು, 2018ರಲ್ಲಿ ಅದಕ್ಕೆ ರಾಷ್ಟ್ರಪತಿಯ ಅಂಕಿತ ಬಿತ್ತು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 134ಎ ಕಲಮು ಬಂತು. ಹೆಸರು, ವಿಳಾಸ ಹೇಳಿ ಎಂದು ನೆರವಾದವರನ್ನು ಒತ್ತಾಯಿಸುವಂತಿಲ್ಲ. ಆಸ್ಪತ್ರೆಯಲ್ಲಿ ತಡೆದು ನಿಲ್ಲಿಸುವಂತಿಲ್ಲ, ಅವರಿಂದ ಹಣ ಕೇಳುವಂತಿಲ್ಲ. ಸಾಕ್ಷಿ ಹೇಳುವುದು ಅವರ ಇಷ್ಟಕ್ಕೆ ಬಿಟ್ಟದ್ದು. 2025ರ ಮೇ 5ರಿಂದ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ಗಾಯಾಳುವಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಗೆ ಅವಕಾಶವಿದೆ.

ಗುದ್ದಿದ ವಾಹನದ ಚಾಲಕರಿಗೂ ಒಂದು ಮಾತು. ಗಾಯಗೊಂಡವರಿಗೆ ಚಿಕಿತ್ಸೆ ಕೊಡಿಸುವುದು 134ನೇ ಕಲಮಿನ ಪ್ರಕಾರ ನಿಮ್ಮ ಕರ್ತವ್ಯ. ಸುತ್ತ ನೆರೆದ ಜನರಿಂದ ಜೀವಕ್ಕೆ ಅಪಾಯವೆನಿಸಿದರೆ ನೇರ ಹತ್ತಿರದ ಠಾಣೆಗೆ ಹೋಗಿ ವಿಷಯ ತಿಳಿಸಿ, ತಲೆಮರೆಸಿಕೊಳ್ಳಬೇಡಿ. ನೋಡುತ್ತ ನಿಂತವರು ಚಾಲಕರ ಮೇಲೆ ಕೈಮಾಡುವ ಬದಲು, ಮೊಬೈಲ್‌ನಲ್ಲಿ ಚಿತ್ರ ತೆಗೆಯುವ ಬದಲು 108ಕ್ಕೆ ಕರೆ ಮಾಡಿ. ಪೊಲೀಸರಿಗೆ 112. ಜಾಗದ ಗುರುತು ಸರಿಯಾಗಿ ಹೇಳಿ, ಆಂಬುಲೆನ್ಸ್ ಬರುವವರೆಗೆ ಗಾಯಾಳುವಿನ ಪಕ್ಕದಲ್ಲಿರಿ.